ತಿರುಮಕೂಡಲಿನ ಹಾಜರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಹುಣಸೆಮರದ ದೆವ್ವ, ಸ್ಮಶಾನದ ಕೊಳ್ಳಿ ಎಂದು ಹುಡುಗರು ಕಥೆ ತೆಗೆದರೆ, "ನೀನೇ ಕಣ್ಣಾರೆ ಕಂಡೆಯಾ, ಇಲ್ಲ ನಿಮ್ಮ ಮಾವನ ಭಾವಮೈದ ಕಂಡನೋ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಇಂಥವೆಲ್ಲ ನಡುರಾತ್ರಿಯಲ್ಲೇ ಏಕೆ ನಡೆಯುತ್ತವೆ ಎಂದೂ ಗೇಲಿ ಮಾಡುತ್ತಿದ್ದೆ. ನನಗೆ ಆದದ್ದು ಹಾಡಹಗಲಿನಲ್ಲಿ, ಕಣ್ಣು ಬಿಡಲಾಗದ ಬಿಸಿಲಿನಲ್ಲಿ. ಇಷ್ಟು ವರ್ಷದಲ್ಲಿ ಇದನ್ನು ಇಬ್ಬರಿಗೆ ಮಾತ್ರ ಹೇಳಿದ್ದೇನೆ. ನೀವು ನಂಬಬೇಕೆಂದು ನನ್ನ ಹಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಇಪ್ಪತ್ತನೆಯ ಶತಮಾನ ಹುಟ್ಟಿ ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ನಾವು ಮೈಸೂರಿನ ಅಗ್ರಹಾರದಲ್ಲಿದ್ದೆವು. ಅಪ್ಪ ಸ್ಕೂಲ್ ಮೇಷ್ಟ್ರು. ಬೇಸಿಗೆಯ ರಜ ಬಂತೆಂದರೆ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾನು, ತಂಗಿ ಗೌರಿ, ಐದು ಜನವೂ ಹೊರಟುಬಿಡುತ್ತಿದ್ದೆವು. ಬೇರೆಯವರು ಕಾಶಿ ರಾಮೇಶ್ವರ ಎನ್ನುತ್ತಿದ್ದರು. ನಮ್ಮ ಯಾತ್ರೆ ಪ್ರತಿ ವರ್ಷವೂ ಅದೇ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ. ಅದೇ ದಾರಿಯಲ್ಲಿ ಅದೇ ಮರಗಳ ಕೆಳಗೆ ಇಳಿದು ಅದೇ ಪುಳಿಯೋಗರೆ ತಿನ್ನುವುದರಲ್ಲಿ ನಮಗೆ ಯಾವ ವರ್ಷವೂ ಬೇಸರ ಬಂದದ್ದಿಲ್ಲ.

ಮೈಸೂರಿನಿಂದ ನಂಜನಗೂಡಿಗೆ ರೈಲು. ಅದು ಎಷ್ಟು ನಿಧಾನವೆಂದರೆ, ನಮ್ಮ ಪಕ್ಕದ ಮನೆಯ ಮುದುಕರು ಅವಸರವಿದ್ದಾಗ ನಡೆದೇ ಹೋಗುತ್ತಾರೆ ಎಂದು ಅಪ್ಪ ನಗಿಸುತ್ತಿದ್ದರು. ಹಳೆಯ ಕಲ್ಲಿನ ಸೇತುವೆಯ ಮೇಲೆ ರೈಲು ಬಂದಾಗ ಅಜ್ಜಿ ಕಿಟಕಿಯಿಂದ ಕೈ ಚಾಚಿ ಕಪಿಲೆಗೆ ಒಂದು ಕಾಸು ಎಸೆಯುತ್ತಿದ್ದಳು. ನಂಜನಗೂಡಿನ ಛತ್ರದಲ್ಲಿ ಎರಡು ದಿನ. ಬೆಳಗ್ಗೆ ಹೊಳೆಯ ಸ್ನಾನ, ನಂಜುಂಡೇಶ್ವರನ ದರ್ಶನ, ಆಮೇಲೆ ರಸಬಾಳೆ. ಆ ಬಾಳೆಹಣ್ಣಿನ ಪರಿಮಳ ಇಡೀ ಛತ್ರಕ್ಕೆ ಹರಡಿರುತ್ತಿತ್ತು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಹನ್ನೆರಡು ವರ್ಷವಾಗಿಬಿಡುತ್ತದೆ.

ಅಲ್ಲಿಂದ ಮುಂದಕ್ಕೆ ಕೆಂಪಯ್ಯನ ಕಮಾನು ಗಾಡಿ. ಅವನು ಹೆಮ್ಮಿಗೆಯವನು. ಪ್ರತಿ ವರ್ಷವೂ ಅವನೇ ನಮ್ಮ ಗಾಡಿ ಹೊಡೆಯುತ್ತಿದ್ದದ್ದರಿಂದ ಮನೆಯವನ ಹಾಗೇ ಆಗಿದ್ದ. ಹೊಂಗೆಮರಗಳ ನೆರಳಿನಲ್ಲಿ ಹೊಳೆಯ ಪಕ್ಕದ ದಾರಿ. ಅಲ್ಲಲ್ಲಿ ಹೊಳೆಯ ಮರಳಿನಲ್ಲಿ ಬೆಳೆದ ಕಲ್ಲಂಗಡಿ ಕೊಂಡು ಗಾಡಿಯ ಮೂಕಿಯ ಮರಕ್ಕೆ ಕುಟ್ಟಿ ಒಡೆದು ತಿನ್ನುತ್ತಿದ್ದೆವು. ನರಸೀಪುರದಲ್ಲಿ ಗುಂಜಾನರಸಿಂಹನ ಗುಡಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅರ್ಚಕರು ಹೇಳಿದಾಗಲೆಲ್ಲ ಅಜ್ಜಿ ಮೊದಲ ಸಲ ಕೇಳಿದವಳಂತೆ ಕೈಮುಗಿಯುತ್ತಿದ್ದಳು. ಆಮೇಲೆ ಹರಿಗೋಲಿನಲ್ಲಿ ಆಚೆ ದಡ. ಅದು ತಿರುಮಕೂಡಲು. ಅಗಸ್ತ್ಯೇಶ್ವರನ ಗುಡಿ, ದೊಡ್ಡ ಅಶ್ವತ್ಥಮರ, ನೀರಿಗಿಳಿಯುವ ಮೆಟ್ಟಿಲು. ಕಾವೇರಿ ಕಪಿಲೆಗಳು ಸೇರುವ ಕಡೆ ಎರಡು ಬಣ್ಣದ ನೀರು ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹರಿಯುವುದನ್ನು ನಾನೂ ಗೌರಿಯೂ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆವು. ಇಡೀ ಯಾತ್ರೆಯಲ್ಲಿ ನಮ್ಮಿಬ್ಬರಿಗೂ ಪ್ರಿಯವಾದ ಜಾಗ ಅದು.

ನಮ್ಮಜ್ಜಿಗೆ ಒಂದು ಪದ್ಧತಿಯಿತ್ತು. ಎಲ್ಲೇ ತಂಗಿರಲಿ, ಹೊರಡುವ ಹೊತ್ತಿಗೆ ಆ ಜಾಗದ ಕಡೆ ತಿರುಗಿ ನಿಂತು ನಮ್ಮೆಲ್ಲರ ಹೆಸರನ್ನೂ ಒಂದೊಂದಾಗಿ ಕರೆಯುತ್ತಿದ್ದಳು. ಕರೆಸಿಕೊಂಡವರು "ಬಂದೆ" ಎನ್ನಬೇಕು. ಕೊನೆಗೆ ತನ್ನ ಹೆಸರನ್ನೂ ತಾನೇ ಕರೆದುಕೊಂಡು ತಾನೇ "ಬಂದೆ" ಎಂದು ಗಾಡಿ ಹತ್ತುತ್ತಿದ್ದಳು.

"ಹೋದ ಕಡೆ ಮನಸ್ಸು ಕೂತುಬಿಡುತ್ತೆ ಕಣೋ" ಎನ್ನುತ್ತಿದ್ದಳು. "ಮೈ ಗಾಡಿ ಹತ್ತುತ್ತೆ, ಅದು ಹತ್ತೋದಿಲ್ಲ. ಅದನ್ನ ಹೆಸರಿಟ್ಟು ಕರೀಬೇಕು. ಮಕ್ಕಳದ್ದಂತೂ ಇನ್ನೂ ಮೊಂಡು."

ನಿದ್ದೆಹೋದ ಮಗುವನ್ನು ಎಬ್ಬಿಸಿ, ಅದರ ಬಾಯಿಂದಲೇ ಉತ್ತರ ಹೇಳಿಸಬೇಕು. ಇದು ಅವಳ ಕಟ್ಟಾಜ್ಞೆ. ಅಪ್ಪನಿಗೆ ಇದೆಲ್ಲ ತಮಾಷೆ. "ವರ್ಷವೆಲ್ಲ ನಾನು ಹಾಜರಿ ಕೂಗ್ತೀನಿ, ರಜದಲ್ಲಿ ನಮ್ಮಮ್ಮ ನನ್ನ ಹಾಜರಿ ತಗೋತಾಳೆ" ಎಂದು ನಕ್ಕು, "ಹ್ಞೂ" ಎಂದು ಗೊಣಗಿ ಮುಗಿಸುತ್ತಿದ್ದರು. ನಾನು ಅಪ್ಪನ ಮಗ. ಅಪ್ಪ ನಕ್ಕದ್ದಕ್ಕೆಲ್ಲ ನಗುತ್ತಿದ್ದೆ.

ಆ ವರ್ಷ ಗೌರಿಗೆ ಐದು ತುಂಬಿತ್ತು. ತಿರುಮಕೂಡಲಿನಲ್ಲಿ ಬೆಳಗಿನಿಂದ ಮೆಟ್ಟಿಲು ಹತ್ತಿ ಇಳಿದು ಕುಣಿದವಳು, ಊಟವಾದ ಮೇಲೆ ಅಶ್ವತ್ಥದ ಕಟ್ಟೆಯ ಮೇಲೆ ಮಲಗಿ ನಿದ್ದೆ ಹೋದಳು. ಹೊತ್ತು ಇಳಿಯುತ್ತಿತ್ತು. ಹರಿಗೋಲಿನವನು ಬೇರೆ ಜನ ಕಾಯುತ್ತಿದ್ದಾರೆಂದು ಕೂಗತೊಡಗಿದ. ಅಮ್ಮ ಪಾತ್ರೆಗಳನ್ನೆತ್ತಿಕೊಂಡು ಮುಂದೆ ಹೋದಳು. ಅಪ್ಪ ಗೌರಿಯನ್ನು ಹೆಗಲಿಗೆ ಹಾಕಿಕೊಂಡು ಅಮ್ಮನ ಹಿಂದೆಯೇ ಇಳಿದರು. ಅಜ್ಜಿ ಮರದ ಕಡೆ ತಿರುಗಿ ಹಾಜರಿ ಶುರುಮಾಡಿದಳು. ಅಪ್ಪ ಮೆಟ್ಟಿಲ ಕೆಳಗಿನಿಂದಲೇ ಹ್ಞೂ ಎಂದರು. ಅಮ್ಮ ಬಂದೆ ಎಂದಳು. ನಾನೂ ಎಂದೆ. "ಗೌರೀ" ಎಂದಳು ಅಜ್ಜಿ.

ಗೌರಿಯನ್ನು ಎಬ್ಬಿಸಿದರೆ ಅಳುತ್ತಾಳೆ, ಇನ್ನಷ್ಟು ಹೊತ್ತಾಗುತ್ತದೆ, ಅಜ್ಜಿಗೂ ಅಪ್ಪನಿಗೂ ಮಾತು ಬೆಳೆಯುತ್ತದೆ. ನಾನು ಅಜ್ಜಿಯ ಬೆನ್ನ ಹಿಂದೆ ನಿಂತಿದ್ದೆ. ಮೂಗು ಹಿಡಿದುಕೊಂಡು, ಗೌರಿಯ ರಾಗದಲ್ಲೇ, "ಬಂದೇ" ಎಂದೆ. ಮನೆಯಲ್ಲಿ ಅವಳನ್ನು ಅಣಕಿಸಿ ಅಣಕಿಸಿ ನನಗೆ ಆ ದನಿ ಕರಗತವಾಗಿತ್ತು. ಅಜ್ಜಿ ತೃಪ್ತಿಯಿಂದ ತನ್ನ ಹೆಸರು ಕರೆದುಕೊಂಡಳು. ಹರಿಗೋಲು ಹತ್ತುವಾಗ ನನಗೆ ನನ್ನ ಜಾಣತನಕ್ಕೆ ನಗು ತಡೆಯಲಾಗುತ್ತಿರಲಿಲ್ಲ.

ನರಸೀಪುರದಲ್ಲಿ ಗೌರಿ ಕಣ್ಣು ಬಿಟ್ಟಳು. ಕಣ್ಣು ಬಿಟ್ಟಳು, ಅಷ್ಟೇ. ಮಾತಿಲ್ಲ, ಅಳುವಿಲ್ಲ. ಕೂಡಿಸಿದರೆ ಕೂತಳು, ಮಲಗಿಸಿದರೆ ಮಲಗಿದಳು. ಹೆಸರು ಹಿಡಿದು ಕರೆದರೆ ತಿರುಗಲಿಲ್ಲ. ಬಿಸಿಲಿನ ಆಯಾಸವೆಂದುಕೊಂಡರು. ಮಾರನೆಯ ದಿನ ಗಾಡಿಯಲ್ಲಿ ನಂಜನಗೂಡಿನ ಛತ್ರಕ್ಕೆ ಬರುವಷ್ಟರಲ್ಲಿ ನೀರನ್ನೂ ನುಂಗದಾದಳು. ಬಾಯಿಗೆ ಹಾಕಿದ್ದು ಕಟವಾಯಿಯಲ್ಲಿ ಇಳಿದುಹೋಗುತ್ತಿತ್ತು. ಮೈ ಮುಟ್ಟಿದರೆ ಜ್ವರವೂ ಇರಲಿಲ್ಲ.

ಮೂರನೆಯ ದಿನ ಪಂಡಿತರು ಬಂದು ನಾಡಿ ನೋಡಿ ಕಷಾಯ ಕೊಟ್ಟರು. "ಇನ್ನೊಂದು ದಿನ ನೋಡೋಣ. ಆಗದಿದ್ದರೆ ಬೆಳಗಿನ ರೈಲಿಗೆ ಮೈಸೂರಿಗೆ ಕರೆದುಕೊಂಡು ಹೋಗಿ, ತಡಮಾಡಬೇಡಿ" ಎಂದು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಮ್ಮ ಕಂಬದ ಮರೆಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಎಲ್ಲರೂ ಕೆಮ್ಮಿದೆವು.

"ದೃಷ್ಟಿಯೂ ಅಲ್ಲ" ಎಂದಳು ಅಜ್ಜಿ. "ಅಲ್ಲೇ ಉಳಿದುಬಿಟ್ಟಳೇನೋ ಅನ್ನೋಣ ಅಂದ್ರೆ, ಕರೆದಾಗ ಬಂದೆ ಅಂದ್ಲಲ್ಲ. ನನ್ನ ಕಿವಿಯಾರೆ ಕೇಳಿದೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಅಪ್ಪನ ಮಗನಾದ ನನ್ನ ಬುದ್ಧಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಿತ್ತು. ಆದರೆ ಗೌರಿಯ ಒಣಗಿದ ತುಟಿ ಎದುರಿಗಿತ್ತು. ಸಂಜೆ ಅಜ್ಜಿ ಹೊಳೆಗೆ ಹೊರಟಾಗ ಹಿಂದೆಯೇ ಹೋಗಿ, ಅವಳ ಮುಖ ನೋಡದೆ ಎಲ್ಲವನ್ನೂ ಹೇಳಿಬಿಟ್ಟೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಿಂದಿಗೆಯನ್ನು ಮೆಟ್ಟಿಲ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಅವಳ ಬದಲು ಉತ್ತರ ಕೊಟ್ಟೋನು ನೀನು. ನೀನೇ ಹೋಗಿ ಕರೀಬೇಕು. ಬೇರೆ ಯಾರು ಕರೆದ್ರೂ ಬರೋಲ್ಲ."

ಅಪ್ಪ ಬಿಲ್‌ಕುಲ್ ಒಪ್ಪಲಿಲ್ಲ. ಮಗು ಹೀಗಿರುವಾಗ ಇದೆಂಥ ಹುಚ್ಚು ಎಂದರು. "ನೀನು ನಿನ್ನ ರೈಲಿಗೆ ಕಾಯಿ, ಬೇಡ ಅನ್ನೋದಿಲ್ಲ. ಅಷ್ಟರೊಳಗೆ ಇವನು ಹೋಗಿ ಬರಲಿ" ಎಂದು ಅಜ್ಜಿ ಕೆಂಪಯ್ಯನಿಗೆ ಹೇಳಿಕಳಿಸಿದಳು. ಅಮ್ಮ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಕೊನೆಗೆ ಎದ್ದುಹೋದರು.

ಮರುದಿನ ಬೆಳಕು ಹರಿಯುವ ಮೊದಲೇ ನಾನೂ ಕೆಂಪಯ್ಯನೂ ಹೊರಟೆವು. ಅದೇ ಹೊಂಗೆಮರಗಳು, ಅದೇ ಕಲ್ಲಂಗಡಿ ರಾಶಿ. ಕೆಂಪಯ್ಯ ನಿಲ್ಲಿಸಲೇ ಎಂದು ಕೇಳಿದ. ಬೇಡವೆಂದೆ. ನರಸೀಪುರ ಮುಟ್ಟಿದಾಗ ಹೊತ್ತು ಬಾಗಿತ್ತು, ಆದರೂ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕೆಂಪಯ್ಯ ಎತ್ತುಗಳ ಹತ್ತಿರ ಉಳಿದ. ನಾನೊಬ್ಬನೇ ಹರಿಗೋಲು ದಾಟಿದೆ. ಹರಿಗೋಲಿನವನನ್ನು ಬಿಟ್ಟರೆ ಆಚೆ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವಸರದಲ್ಲಿ ಮೆಟ್ಟಿಲು ಹತ್ತುವಾಗ ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಎಡಮಂಡಿ ಕಿತ್ತುಹೋಯಿತು. ಪಂಚೆಯ ಒಳಗೆ ರಕ್ತ ಇಳಿಯುತ್ತಿದ್ದದ್ದು ತಿಳಿಯುತ್ತಿತ್ತು. ಅದನ್ನು ನೋಡಿಕೊಳ್ಳಲೂ ಇಲ್ಲ.

ಕಟ್ಟೆಯ ಮುಂದೆ ನಿಂತೆ. ಮೊದಲ ಸಲ ಕರೆಯಲು ನಾಚಿಕೆಯಾಯಿತು. ದಡದಲ್ಲಿ ಹರಿಗೋಲಿನವನಿದ್ದ, ಅವನು ಏನೆಂದುಕೊಂಡಾನು? ಎರಡನೆಯ ಸಲ ದನಿ ಸ್ವಲ್ಪ ಬಂತು. ಮೂರನೆಯ ಸಲ, "ಗೌರೀ, ಬಾಮ್ಮ, ಮನೆಗೆ ಹೋಗೋಣ, ಇನ್ನು ಅಣಕಿಸೋಲ್ಲ" ಎನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂದು ಅಲ್ಲೇ ಕೂತು ಅತ್ತುಬಿಟ್ಟೆ. ಏನೂ ಆಗಲಿಲ್ಲ. ಗಾಳಿ ಬೀಸಲಿಲ್ಲ, ಎಲೆ ಅಲ್ಲಾಡಲಿಲ್ಲ, ಯಾರೂ ಓಗೊಡಲಿಲ್ಲ. ಅಜ್ಜಿ ಹೇಳಿದ್ದಂತೆ ಹಿಂತಿರುಗಿ ನೋಡದೆ ಬಂದು ಹರಿಗೋಲು ಹತ್ತಿದೆ. ಕೆಲಸ ಕೆಟ್ಟಿತು, ಗೌರಿ ಉಳಿಯುವುದಿಲ್ಲ ಎಂದೇ ನನ್ನ ಮನಸ್ಸಿಗೆ ಬಂದಿತ್ತು.

ಗಾಡಿಯಲ್ಲಿ ಕೆಂಪಯ್ಯ ಹುಲ್ಲು ಹರಡಿ ಕಂಬಳಿ ಹಾಸಿದ್ದ. ನಾನು ನಡುವೆ ಬಿದ್ದುಕೊಂಡೆ.

"ಒಸಿ ಅತ್ಲಾಗೆ ಸರ್ಕೊಳಿ ಬುದ್ದಿ" ಎಂದ. "ಮಗೀಗೂ ಜಾಗ ಬೇಕಲ್ವರಾ."

ಗೌರಿಗೆ ಜಾಗ ಬಿಟ್ಟು ಸರಿದು ಮಲಗಿದೆ. ದಾರಿಯುದ್ದಕ್ಕೂ ಅವನು ಎತ್ತುಗಳನ್ನು ಮೆಲ್ಲಗೆ ನಡೆಸಿದ.

ಛತ್ರ ಮುಟ್ಟಿದಾಗ ಬೆಳಗಾಗಿತ್ತು. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ನಾನು ಗಾಡಿಯಿಂದ ಇಳಿದೆ. ಪಂಚೆ ಕಣಕಾಲಿನವರೆಗೂ ಇತ್ತು, ನಾನಿನ್ನೂ ಬಾಯಿ ತೆರೆದಿರಲಿಲ್ಲ. ನಮ್ಮಮ್ಮ ಓಡಿಬಂದು ಕೇಳಿದ ಮೊದಲ ಮಾತು ಇದು:

"ಯಾವ ಮಂಡಿಯಪ್ಪ, ತೋರಿಸು."

ಹಿಂದಿನ ದಿನ, ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲವಂತೆ. ಅಮ್ಮನ ತೊಡೆಯ ಮೇಲೆ ಮಲಗಿದ್ದ ಗೌರಿ ಎದ್ದು ಕೂತು, ಛತ್ರದಲ್ಲಿದ್ದವರಿಗೆಲ್ಲ ಕೇಳುವ ಹಾಗೆ "ಬಂದೇ" ಎಂದಳಂತೆ. ನೀರು ಕೇಳಿ ಎರಡು ಲೋಟ ಕುಡಿದಳಂತೆ. ಆಮೇಲೆ, "ಅಣ್ಣ ಬಿದ್ದ. ಮಂಡಿ ಕಿತ್ತೋಯ್ತು. ಅಳ್ತಿದಾನೆ" ಎಂದಳಂತೆ. ಹೇಳಿದವಳು ಅಮ್ಮ. ಪಕ್ಕದಲ್ಲಿ ಅಪ್ಪನೂ ಇದ್ದರು. ಅವರು ನನ್ನ ಪಂಚೆ ಸರಿಸಿ, ಒಣಗಿದ ರಕ್ತದ ಸುತ್ತ ಒಂದು ಬೆರಳಿನಿಂದ ಮುಟ್ಟಿ ನೋಡಿದರು. ಕೆಂಪಯ್ಯನ ಕಡೆ ನೋಡಿದರು. ಟವಲು ಹೆಗಲಿಗೆ ಹಾಕಿಕೊಂಡು ಹೊಳೆಗೆ ಹೋದರು. ಒಳಗೆ ಗೌರಿ ಬಾಳೆಹಣ್ಣು ತಿನ್ನುತ್ತಿದ್ದಳು. ನನ್ನನ್ನು ನೋಡಿ ಅರ್ಧ ಹಣ್ಣನ್ನು ಹಿಂದೆ ಬಚ್ಚಿಟ್ಟುಕೊಂಡಳು. ಅಷ್ಟು ಸಂತೋಷ ನನಗೆ ಆಮೇಲೆ ಜೀವನದಲ್ಲಿ ಎಷ್ಟು ಸಲ ಆಗಿದೆಯೋ ಕಾಣೆ.

ಗ್ರಹಣದಿಂದ ಹಿಡಿದು ಗುಡುಗಿನವರೆಗೆ ಎಲ್ಲಕ್ಕೂ ವಿವರಣೆ ಕೊಡುತ್ತಿದ್ದ ಅಪ್ಪ ಇದೊಂದರ ಮಾತೆತ್ತಲಿಲ್ಲ. ಮುಂದಿನ ವರ್ಷದ ಯಾತ್ರೆಯಲ್ಲಿ ಅಜ್ಜಿ ಹೆಸರು ಕರೆದಾಗ ಮಾತ್ರ ಹ್ಞೂ ಎನ್ನಲಿಲ್ಲ. ಬಾಯ್ತುಂಬ "ಬಂದೆ" ಎಂದರು.

ನಾನು ದೊಡ್ಡವನಾದ ಮೇಲೆ ನನ್ನದೇ ಸಮಾಧಾನಗಳನ್ನು ಹುಡುಕಿದ್ದೇನೆ. ಡಾಕ್ಟರಾಗಿದ್ದ ಸ್ನೇಹಿತನೊಬ್ಬನಿಗೆ ಹೇಳಿದಾಗ, ಬಿಸಿಲು ಹೊಡೆದರೆ ಮಕ್ಕಳು ಹಾಗೆ ಮಂಕಾಗುವುದುಂಟು, ತಾವಾಗಿ ಚೇತರಿಸಿಕೊಳ್ಳುವುದೂ ಉಂಟು ಎಂದ. ಒಪ್ಪಿದೆ. ನಾನು ಕರೆದ ಹೊತ್ತೂ ಅವಳು ಎದ್ದ ಹೊತ್ತೂ ಒಂದೇ ಎಂದು ಪಟ್ಟು ಹಿಡಿಯಲಾರೆ, ನನ್ನ ಬಳಿ ಗಡಿಯಾರವಿರಲಿಲ್ಲ. ಅದನ್ನೂ ಬಿಟ್ಟುಕೊಟ್ಟೆ. "ಮಂಡಿಯ ವಿಷಯ?" ಎಂದು ಕೇಳಿದೆ. ಅವನು ಇನ್ನೊಂದು ಲೋಟ ಕಾಫಿ ತರಿಸಿದ.

ಗೌರಿಗೆ ಈಗ ಮೊಮ್ಮಕ್ಕಳಿದ್ದಾರೆ. ಆ ದಿನಗಳ ನೆನಪು ಅವಳಿಗೆ ಸ್ವಲ್ಪವೂ ಇಲ್ಲ. ಕಾಯಿಲೆ ಬಿದ್ದಿದ್ದೆ ಎಂದಷ್ಟೇ ಮನೆಯವರು ಅವಳಿಗೆ ಹೇಳಿದ್ದರು. ಮೂಗು ಹಿಡಿದುಕೊಂಡು ನಾನು ಮಾಡಿದ ಕೆಲಸ ಅವಳಿಗೆ ಗೊತ್ತಿರಲಿಲ್ಲ. ಹೋದ ವರ್ಷ ಅವಳ ಮನೆಯ ಜಗುಲಿಯಲ್ಲಿ ಕೂತು, ಇನ್ನು ಬಚ್ಚಿಟ್ಟುಕೊಳ್ಳುವ ವಯಸ್ಸಲ್ಲವೆಂದು, ಎಲ್ಲವನ್ನೂ ಹೇಳಿ ತಪ್ಪಾಯಿತು ಕಣೇ ಎಂದೆ. ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅಜ್ಜಿಯ ಹಾಜರಿಯನ್ನು ನೆನೆದು ಇಬ್ಬರೂ ನಕ್ಕೆವು. ಆಮೇಲೆ ಅವಳು ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿ ಕೇಳಿದಳು:

"ಹಾಗಾದ್ರೆ ಅಣ್ಣ, ಆ ಮೂರು ದಿನ ನಾನು ಅಲ್ಲಿ ಒಬ್ಬಳೇ ಕೂತಿದ್ದೆನಾ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲಮ್ಮ ಎನ್ನಲು ಬಾಯಿ ತೆರೆದೆ. ತೆರೆದವನು ಸುಮ್ಮನಾದೆ. ತಿಳಿಯದ್ದಕ್ಕೆ ಅವಳ ಪರವಾಗಿ ಆಗಲೇ ಒಂದು ಸಲ ಉತ್ತರ ಕೊಟ್ಟವನು ನಾನು.