ಫ್ಯಾನ್ ಇಲ್ಲದ ಸಾಲು

ಮೊನ್ನೆ ಮಣ್ಣಗುಡ್ಡದ ಬೇಕರಿಗೆ ಗೋಡಂಬಿ ಡಬ್ಬ ಇಳಿಸುವಾಗ ಒಂದರ ಮುಚ್ಚಳ ಕಿತ್ತುಬಂತು. ಬಿಸಿಲಿಗೆ ಕಾದಿದ್ದ ನನ್ನ ಟೆಂಪೋ ತುಂಬ ಆ ವಾಸನೆ. ಹದಿನೆಂಟು ವರ್ಷ ಹಿಂದಿನ ಸಿಟ್ಟು ಹಾಗೆಯೇ ತಲೆಗೇರಿತು.

ಆಗ ನಾನು ಪಡೀಲಿನಿಂದ ಆಚೆ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಬೀಜ ಒಣಗಿಸುವ ಕೆಲಸದಲ್ಲಿ ನನ್ನತ್ತ ಯಾರೂ ಬೆರಳು ತೋರಿಸಿದ್ದಿಲ್ಲ. ಒಣಗಿದ ಬೀಜವನ್ನು ಸಿಪ್ಪೆ ತೆಗೆಯುವ ಹೆಂಗಸರ ಸಾಲಿಗೆ ಹೊತ್ತು ಹಾಕುತ್ತಿದ್ದೆ. ಅಲ್ಲಿ ಫ್ಯಾನ್ ಹಾಕುವಂತಿರಲಿಲ್ಲ, ಸಿಪ್ಪೆ ಹಾರುತ್ತದೆ. ಆ ಸಾಲಿನಲ್ಲಿದ್ದರು, ನಾವೆಲ್ಲ ಅಕ್ಕ ಎನ್ನುತ್ತಿದ್ದವರು. ಅವರ ಕೈಯಲ್ಲಿ ಬೀಜ ತುಂಡಾಗುತ್ತಿರಲಿಲ್ಲ.

ನಲವತ್ತು ದಾಟಿದ ವರ್ಷ ಅವರ ಗರ್ಭಕೋಶ ತೆಗೆದರು. ಜೊತೆಗೆ ಅಂಡಾಶಯವನ್ನೂ. ಇನ್ನು ಮೈಗೆ ಏನಾಗಬಹುದು ಎಂದು ಒಬ್ಬರೂ ಬಿಡಿಸಿ ಹೇಳಲಿಲ್ಲ. ಕೆಲಸಕ್ಕೆ ಮರಳಿದ ಸ್ವಲ್ಪ ದಿನಕ್ಕೇ ಶುರುವಾಯಿತು... ಕೂತಲ್ಲೇ ಎದೆಯಿಂದ ಬೆಂಕಿ ಎದ್ದ ಹಾಗೆ ಮುಖ ಕೆಂಪಾಗುವುದು, ಕುತ್ತಿಗೆಯಿಂದ ಬೆವರು ಇಳಿಯುವುದು, ಮತ್ತೆ ಚಳಿ. ನಿದ್ದೆಯಿಲ್ಲ. ಎಲ್ಲರೂ ಉಷ್ಣ ಎಂದರು. ಮೆಂತೆ ಗಂಜಿ ಆಯಿತು, ಎಳನೀರು ಆಯಿತು.

"ಅಕ್ಕನಿಗೆ ಪುನಃ ಮದುವೆ ಉಂಟಾ ಎಂತ, ಈ ನಮೂನೆ ಕೆಂಪಾಗುದು?" ಎಂದು ಪಕ್ಕದವಳು ನಗುತ್ತಿದ್ದಳು.

"ಉಂಟು. ಗಂಡು ನೀನೇ ಹುಡುಕು," ಎನ್ನುತ್ತಿದ್ದರು ಅಕ್ಕ.

ಬೆವರಿದ ಕೈ ಮಾತ್ರ ಬೀಜಕ್ಕೆ ಆಗುವುದಿಲ್ಲ. ಸಿಪ್ಪೆ ಬೆರಳಿಗೆ ಅಂಟುತ್ತದೆ, ತಿರುಳಿನ ಮೇಲೆ ಕಲೆ ಕೂರುತ್ತದೆ. ಮೇಲ್ವಿಚಾರಕ ಒಂದು ದಿನ ಅವರ ತಟ್ಟೆ ಎತ್ತಿ ಎಲ್ಲರಿಗೂ ತೋರಿಸಿದ. ನಾಳೆಯಿಂದ ಬೀಜ ಒಡೆಯುವ ಕಡೆ ಹೋಗಬೇಕು ಎಂದ. ಅಲ್ಲಿ ಚಿಪ್ಪಿನ ಎಣ್ಣೆ ತಾಗಿ ಕೈ ಸುಡುತ್ತದೆ. ಹೊಸಬರನ್ನು ಕೂರಿಸುವ ಜಾಗ ಅದು.

ಬಾಗಿಲ ಪಕ್ಕ ಕೂರುತ್ತೇನೆ, ಇದೇ ಕೆಲಸ ಕೊಡಿ ಎಂದು ಅಕ್ಕ ಕೇಳಿದರು. ನಾನೂ ಹೋಗಿ ಕೇಳಿದೆ.

"ಗಾಳಿ ಬೇಕಾದ್ರೆ ಪಣಂಬೂರು ಬೀಚಿಗೆ ಹೋಗ್ಲಿ," ಎಂದ ಅವನು. "ನಿನಗೆಂತ ಮಾರಾಯ, ನಿನ್ನ ಅತ್ತೆಯಾ ಅವಳು?"

"ಅತ್ತೆ ಅಲ್ಲ. ಅವರ ಹಾಗೆ ಕೆಲಸ ಮಾಡುವವರು ಈ ಸಾಲಲ್ಲಿ ಇನ್ನೊಬ್ಬರುಂಟಾ, ತೋರಿಸಿ."

ಅವನು ತೋರಿಸಲಿಲ್ಲ. ಜಾಗವನ್ನೂ ಕೊಡಲಿಲ್ಲ. ಅಕ್ಕ ಮಳೆಗಾಲದವರೆಗೆ ಬೀಜ ಒಡೆದರು. ಆ ಕೈ ಕಪ್ಪಾಗಿ ಚರ್ಮ ಸುಲಿಯಿತು. ಆಮೇಲೆ ಬರುವುದನ್ನೇ ಬಿಟ್ಟರು... ನಾನೂ ಆ ಫ್ಯಾಕ್ಟರಿ ಬಿಟ್ಟೆ.

ಮೊನ್ನೆ ಬೇಕರಿಯಿಂದ ಸೀದಾ ಪಡೀಲಿಗೆ, ಅಕ್ಕನ ಮನೆಗೆ ಗಾಡಿ ತಿರುಗಿಸಿದೆ. ಬಾಗಿಲು ತೆಗೆದದ್ದು ಅವರ ಮಗಳು. ಬಲ್ಮಠದ ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ, ಅವಳಿಗೂ ಈಗ ನಲವತ್ತು ದಾಟಿದೆ.

"ಅಮ್ಮ ಹೋಗಿ ವರ್ಷ ಆಯ್ತು ಅಣ್ಣ," ಎಂದಳು. ನೀರು ಕೊಟ್ಟು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನನಗೂ ಅಮ್ಮನ ಆ ಉಷ್ಣ ಶುರುವಾಗಿದೆ. ಡಾಕ್ಟ್ರು ಹೇಳಿದ್ರು, ಆಪರೇಷನ್ ಆಗಿ ಮುಟ್ಟು ಒಮ್ಮೆಲೇ ನಿಂತವರಿಗೆ ಇದು ಇನ್ನೂ ಜೋರಂತೆ. ಸೆಕೆಯಲ್ಲಿ ಕೂತ್ರೆ ಮತ್ತೂ ಜಾಸ್ತಿ. ಮದ್ದು ಉಂಟಂತೆ."

ಕೊಟ್ಟ ನೀರನ್ನು ಒಂದೇ ಸಲಕ್ಕೆ ಕುಡಿದು ಮುಗಿಸಿದೆ. ಬಾಯಿ ತೆರೆದರೆ ಬೈಗುಳವೇ ಬರುತ್ತಿತ್ತು.

"ಅಮ್ಮ ಕಡೆಯವರೆಗೂ ಹೇಳ್ತಿದ್ರು, ನನ್ನ ಕೈಗೆ ಕೆಲಸ ಮರೆತುಹೋಯ್ತು ಅಂತ."

ಮರೆತಿರಲಿಲ್ಲ. ಅದನ್ನು ಯಾರಾದರೂ ಅವರಿಗೇ ಹೇಳಬೇಕಿತ್ತು. ಈಗ ನಾನಿಲ್ಲಿ ಬರೆದು ಏನು ಪ್ರಯೋಜನ...