ಕೂಸು ಬೆನ್ನು ತಿರುವಿ ಮಲಗಿದ ದಿನ

"ಕೂಸು ಬೆನ್ನು ತಿರುವಿ ಮಲ್ಕೊಂಡೈತಿ ನೋಡವಾ. ಹಿಂಗಿದ್ರ ಅಳತಿ ಸಿಗೂದಿಲ್ಲ" ಅಂದ್ರು ಡಾಕ್ಟರ್ ಮೇಡಂ.

ನಾ ಜಮಖಂಡ್ಯಾಗ ಒಂದು ಸ್ಕ್ಯಾನಿಂಗ್ ಸೆಂಟರಿನ ಕಾಟಿನ ಮ್ಯಾಲೆ ಮಲ್ಕೊಂಡಿದ್ದೆ. ಹೊಟ್ಟಿ ತುಂಬ ತಣ್ಣನ ಜೆಲ್. ಮೂರನೇ ತಿಂಗಳಾಗ ಎನ್‌ಟಿ ಸ್ಕ್ಯಾನ್ ಅಂತ ಮಾಡ್ತಾರಲ್ಲ, ಅದು.

ಕೂಸಿನ ಕುತ್ತಿಗಿ ಹಿಂದ ಇರೋ ನೀರಿನ ಪದರ ಎಷ್ಟು ದಪ್ಪ ಐತಿ ಅಂತ ಅಳೀತಾರ. ಅದಕ್ಕ ಕೂಸು ಸರಿಯಾಗಿ ಮಗ್ಗಲಾಗಿ ಕಾಣಬೇಕಂತ. ನಮ್ಮದು ಕೇಳವಲ್ದು.

ನನಗ ಅದ್ಯಾವುದೂ ತಲಿಗೆ ಹೋಗಲಿಲ್ಲ. "ಮೇಡಂ, ಎದಿ ಬಡೀತೈತೇನ್ರಿ?" ಅಂತ ಅಷ್ಟ ಕೇಳಿದೆ.

ಹೋದ ವರ್ಷ ಬ್ಯಾರೆ ಊರಾಗ ಹಿಂಗ ಮಲ್ಕೊಂಡಿದ್ದಾಗ ಡಾಕ್ಟರು ಭಾಳ ಹೊತ್ತು ಸುಮ್ಮನಿದ್ರು... ಆಮ್ಯಾಲೆ "ನಿಮ್ಮನಿಯವ್ರನ್ನ ಒಳಗ ಕರೀರಿ" ಅಂದಿದ್ರು. ಆ ಕೂಸಿನ ಎದಿ ಬಡಿಯೂದು ನಿಂತಿತ್ತು. ಅವತ್ತಿನಿಂದ ಯಾವ ಡಾಕ್ಟರ್ ಸುಮ್ಮನಾದ್ರೂ ನಾ ಮೊದಲ ಎದಿ ಬಡಿತ ಕೇಳ್ತೀನಿ.

ಮೇಡಂ ಸೌಂಡ್ ಜೋರು ಮಾಡಿದ್ರು. ಢಬಢಬ ಢಬಢಬ...

"ಕೇಳಸ್ತಾ? ಅದಕ್ಕೇನೂ ಆಗಿಲ್ಲ, ಆರಾಮ ನಿದ್ದಿ ಹೊಡ್ಯಾಕತ್ತೈತಿ. ನೀ ಹೊರಗ ಹೋಗಿ ಸ್ವಲ್ಪ ಅಡ್ಡಾಡು, ಏನರ ಸಿಹಿ ತಿನ್ನು. ಎಚ್ಚರಾದ್ರ ಹೊಳ್ಳತೈತಿ. ಆಮ್ಯಾಲೆ ಬಾ."

ನನಗ ಅಳು ತಡೀಲಿಲ್ಲ. ನರ್ಸ್ ಕೈಯಾಗ ಟಿಶ್ಯೂ ಕೊಟ್ಟು ಹೊರಗ ಹೋದ್ಲು.

ಹೊರಗ ನಮ್ಮ ಮಾವಾರು ಇದ್ರು.

ನಮ್ಮದು ಮುಧೋಳ ತಾಲೂಕಿನ ಒಂದು ಹಳ್ಳಿ. ನಮ್ಮನಿಯವ್ರಿಗೆ ಸಕ್ಕರಿ ಫ್ಯಾಕ್ಟರ್ಯಾಗ ಕೆಲಸ. ಕಬ್ಬಿನ ಸೀಸನ್ ಚಾಲೂ ಆದ್ರ ಅವ್ರಿಗೆ ರಜಾ ಅಂದ್ರ ಕನಸು. ಅತ್ತಿಯವ್ರಿಗೆ ಮೊಣಕಾಲು ನೋವು, ಬಸ್ ಹತ್ತಾಕ ಆಗೂದಿಲ್ಲ. ಹಿಂಗಾಗಿ ಮಾವಾರ ನನ್ನ ಜೋಡಿ ಬಂದಿದ್ರು.

ಮದಿವ್ಯಾಗಿ ನಾಕ್ ವರ್ಷ ಆದ್ರೂ ನಾವಿಬ್ರೂ ಆಡಿದ ಮಾತಂದ್ರ "ಚಹಾ ಕೊಡ್ಲೇನ್ರಿ?" "ಕೊಡವಾ." ಇಷ್ಟ. ಬಸ್ಸಿನ್ಯಾಗೂ ಅವ್ರು ಮುಂದಿನ ಸೀಟು, ನಾ ಹಿಂದಿನ ಸೀಟು.

ಬಾಗಿಲ ಹೊರಗಿಂದ ಅವ್ರ ದನಿ ಕೇಳಿಸ್ತು. ನರ್ಸನ್ನ ನಿಂದರ್ಸಿ ಏನೋ ಕೇಳಾಕತ್ತಿದ್ರು.

"ಅಜ್ಜಾರ, ಗಂಡೋ ಹೆಣ್ಣೋ ಅಂತೆಲ್ಲಾ ನಾವು ಹೇಳಂಗಿಲ್ರಿ. ಅಲ್ಲಿ ಬೋರ್ಡ್ ಹಾಕೇತಿ ನೋಡ್ರಿ" ಅಂತ ಆಕಿ ಝಾಡಿಸಿದ್ಲು.

"ಅದಲ್ಲ ತಂಗಿ... ನಮ್ಮ ಹುಡುಗಿ ಅಳಾಕತ್ತಾಳೇನು ಅಂತ ಕೇಳಿದೆ."

ಸೀರಿ ಸರಿ ಮಾಡ್ಕೋಂತ ಇದ್ದಾಕಿ ನಾ ಹಂಗ ನಿಂತಬಿಟ್ಟೆ.

ಹೊರಗ ಬಂದು ಎಲ್ಲಾ ಹೇಳಿದೆ. "ಮಲಗೈತೇನು? ಮಲಗಲಿ ಬಿಡು ಪಾಪ" ಅಂದ್ರು. ಟಾವೆಲ್ಲಿಲೆ ಮುಖ ಒರಸ್ಕೊಂಡ್ರು, ಒರಸ್ಕೋಂತನ ಇದ್ರು.

ಬಜಾರದ ಕಡೆ ನಡಕೋಂತ ಹೊಂಟ್ವಿ. ಅವ್ರು ಮುಂದ, ನಾ ಹಿಂದ. ಸ್ವಲ್ಪ ದೂರ ಹೋಗಿ ನಿಂತ್ರು. "ನೀ ಮುಂದ ನಡಿ. ನನ್ನ ನಡಿಗಿ ಜೋರು."

ಬೇವಿನ ಗಿಡದ ಕೆಳಗ ಒಂದು ಕಟ್ಟಿ ಇತ್ತು. ಅತ್ತಿ ಕಟ್ಟಿಕೊಟ್ಟ ಶೇಂಗಾ ಹೋಳಿಗಿ ಡಬ್ಬಿ ತಗದೆ. ಮಾವಾರು ಕುಂತ್ರು, ನಾ ನಿಂತೆ.

"ಕುಂಡ್ರವಾ. ಮನ್ಯಾಗಿನ ರಿವಾಜು ಮನ್ಯಾಗಿರ್ಲಿ."

ಕುಂತೆ. ತಿಂಗಳಿಂದ ವಾಂತಿ ಮಾಡಿ ಮಾಡಿ ಸಾಕಾಗಿದ್ದಾಕಿ ಒಂದು ಹೋಳಿಗಿ ಪೂರ್ತಿ ತಿಂದೆ.

"ನಿಮ್ಮತ್ತಿಗೂ ಮೊದಲಿನ್ದು ನಿಂದರ್ಲಿಲ್ಲ" ಅಂದ್ರು, ರಸ್ತೆ ಕಡೆ ನೋಡ್ಕೋಂತ. ಇದು ನಮ್ಮನಿಯವ್ರಿಗೂ ಗೊತ್ತಿಲ್ಲ.

"ನಾ ಆಗ ಆಕಿಗೆ ಏನೂ ಕೇಳ್ಲಿಲ್ಲ. ಹೊಲಕ್ಕ ಹೋದೆ. ಆಕಿ ರೊಟ್ಟಿ ಬಡದು ಬುತ್ತಿ ಕಳಿಸಿದ್ಲು, ಉಂಡೆ. ಹೋದ ವರ್ಷ ನಿನಗ ಹಂಗಾದಾಗ ನಿಮ್ಮತ್ತಿ ನನಗ ಬೈದ್ಲು. 'ನನ್ನನ್ನಂತೂ ಕೇಳ್ಲಿಲ್ಲ, ಆ ಹುಡುಗೀನರ ಕೇಳ್ರಿ' ಅಂದ್ಲು. ನಿನ್ನ ಖೋಲಿ ತನಕ ಬಂದೆ... ಏನಂತ ಕೇಳಬೇಕು ತಿಳೀಲಿಲ್ಲ."

ನನಗ ನೆನಪೈತಿ! ಅವತ್ತು ಅವ್ರು ಬಾಗಿಲಾಗ ಬಂದು ಸುಮ್ಮನ ನಿಂತಿದ್ರು. ಚಹಾ ಬೇಕಾಗೈತಿ ಅಂತ ತಿಳಕೊಂಡು ಎದ್ದು ಹೋಗಿ ಚಹಾ ಮಾಡಿ ಕೊಟ್ಟಿದ್ದೆ.

ಹೇಳಿದೆ. "ಹೂಂ, ನಾನೂ ಸುಮ್ಮನ ಕುಡದೆ" ಅಂದ್ರು. ನನಗ ನಗು ಬಂತು. ಅವ್ರಿಗೂ ಬಂತು. ದಾರಿ ಹಿಡದು ಹೋಗೋರು ನೋಡಾಕತ್ರು... ಮಾವ ಸೊಸಿ ಒಂದ ಕಟ್ಟಿ ಮ್ಯಾಲೆ ಕುಂತು ಹಿಂಗ ನಗಾಕತ್ತಾರಲ್ಲ ಅಂತ.

ಹೊಳ್ಳಿ ಒಳಗ ಹೋದ್ರ ಕೂಸು ಎಚ್ಚರಾಗಿತ್ತು. ಅಷ್ಟ ಅಲ್ಲ, ಒಂದ ಕಡೆ ಇರವಲ್ದು. ಮೇಡಂ ನಕ್ಕೋಂತ ಅದರ ಹಿಂದ ಹಿಂದ ಮಶೀನ್ ಓಡಿಸಿ, ಅಂತೂ ಅಳತಿ ಹಿಡದ್ರು. "ಅಳತಿ ನಾರ್ಮಲ್ ಐತಿ. ಮೂಗಿನ ಎಲುಬೂ ಕಾಣಸ್ತು. ಇದರ ಜೋಡಿ ಒಂದು ರಕ್ತದ ಪರೀಕ್ಷೆ ಮಾಡಿಸು."

ಆಮ್ಯಾಲೆ ತಾವ ಹೇಳಿ ಮಾವಾರನ್ನ ಒಳಗ ಕರಸಿದ್ರು. ಅವ್ರು ಟೊಪಗಿ ತಗದು ಕೈಯಾಗ ಹಿಡಕೊಂಡು, ಬಾಗಿಲ ಹತ್ರನ ನಿಂತು ಸ್ಕ್ರೀನ್ ನೋಡಿದ್ರು.

"ಅದು ಕೈ ಏನ್ರಿ?"

"ಹೌದ್ರಿ ಅಜ್ಜಾರ."

"ಬೀಸಾಕತ್ತೈತಲ್ರಿ! ನಮ್ಮ ಪೈಕಿನ ಐತಿ ಬಿಡ್ರಿ, ಸುಮ್ಮ ಕುಂಡ್ರಂಗಿಲ್ಲ."

ಬಸ್ ಸ್ಟ್ಯಾಂಡಿನ್ಯಾಗ ನಿಂತು ಅತ್ತಿಯವ್ರಿಗೆ ಫೋನ್ ಹಚ್ಚಿದ್ರು. ಇಡೀ ಬಸ್ ಸ್ಟ್ಯಾಂಡಿಗೆ ನಮ್ಮ ಕೂಸಿನ ಸುದ್ದಿ ಗೊತ್ತಾತು.

ರಕ್ತದ ರಿಪೋರ್ಟೂ ಮೊನ್ನೆ ಬಂತು, ಎಲ್ಲಾ ಛಲೋ ಐತಿ. ಮುಂದಿನ ಸ್ಕ್ಯಾನ್ ಐದನೇ ತಿಂಗಳಾಗ.

ಈಗ ದಿನಾ ಮುಂಜಾನೆ ಹೊಲಕ್ಕ ಹೋಗೂ ಮುಂದ ಮಾವಾರು "ಹೆಂಗದೀಯವಾ?" ಅಂತಾರ. ನಾನೂ ಬರೇ ಆರಾಮ್ರಿ ಅನ್ನೂದಿಲ್ಲ. ವಾಂತಿ ಆತು, ಸೊಂಟ ಹಿಡದೈತಿ, ಯಾಕೋ ಅಂಜಿಕಿ ಬರಾಕತ್ತೈತಿ... ಎಲ್ಲಾ ಹೇಳ್ತೀನಿ. ಅವ್ರು ನಿಂತು ಕೇಳ್ತಾರ.

ನಿಮ್ಮ ಸ್ಕ್ಯಾನಿನ ದಿನ ಹೊರಗ ಕುಂತಿದ್ದವ್ರು ಯಾರ್ರಿ?