ಸಂಡೂರಿನ ಬೂಷ್ಟಿನ ತಟ್ಟೆ

ನಾಗರತ್ನಾ, ನಿನ್ನ ಸಂಡೂರಿನ ಬೂಷ್ಟನ್ನು ಬದಲಿಸಿದವಳು ನಾನು. ನೀನು ಸುಳ್ಳು ಹೇಳಿರಲಿಲ್ಲ.

ಹೊಸಪೇಟೆಯಲ್ಲಿ ನಾವಿಬ್ಬರೂ ಒಬ್ಬರೇ ಗೈಡ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆವು. ಜೀವಕೋಶವನ್ನು ಒಳಗಿನಿಂದ ಬಿದಿರಿನ ಗಳದಂತೆ ಎತ್ತಿ ಹಿಡಿಯುವ ಟ್ಯೂಬುಲಿನ್ ಎಂಬ ಪ್ರೋಟೀನು—ಅದರ ಜೀನ್ ಬೇರೆ ಬೇರೆ ಶಿಲೀಂಧ್ರಗಳಲ್ಲಿ ಹೇಗಿದೆ ಎಂದು ನೀನು ಹೋಲಿಸುತ್ತಿದ್ದೆ. ಒಂದನ್ನು ನಿಮ್ಮೂರು ಕಂಪ್ಲಿಯ ಭತ್ತದಿಂದ ತಂದಿದ್ದೆ, ಒಂದನ್ನು ಹಂಪಿ ಬಜಾರಿನ ಕಲ್ಲುಮಂಟಪದಿಂದ, ಇನ್ನೊಂದನ್ನು ಸಂಡೂರಿನ ಗಣಿಮಣ್ಣಿನಿಂದ. ಆ ಸಂಡೂರಿನದರಲ್ಲಿ ಮಾತ್ರ, ಉಳಿದೆರಡರಲ್ಲಿದ್ದ ಜೀನಿನ ಒಂದು ತುಣುಕೇ ಇರಲಿಲ್ಲ. ಮೊದಲು ನನಗೇ ತೋರಿಸಿದೆ. “ಅಕ್ಕಾ, ಜಲ್ದಿ ಬರ್ರಿ, ಇಲ್ನೋಡ್ರಿ!” ನನ್ನ ಕೈಗೆ ಆ ತನಕ ಏನೂ ದಕ್ಕಿರಲಿಲ್ಲ...

ಗೈಡ್ ಆ ಪರೀಕ್ಷೆಯನ್ನು ತಮ್ಮೆದುರೇ ಮತ್ತೊಮ್ಮೆ ಮಾಡು ಎಂದರು. ಅದಕ್ಕೂ ಮೊದಲು ನೀನು ಊರಿಗೆ ಹೋಗಿದ್ದಾಗ, ನಾನು ಕಂಪ್ಲಿಯ ಬೂಷ್ಟನ್ನು ಹೊಸ ತಟ್ಟೆಯಲ್ಲಿ ಬೆಳೆಸಿ, ಮೇಲೆ ಸಂಡೂರು ಎಂದು ಬರೆದಿಟ್ಟೆ. ನಿನ್ನ ತಟ್ಟೆಯನ್ನು ಬಚ್ಚಿಟ್ಟೆ. ಎರಡೂ ಬೆಳ್ಳಗೇ ಇದ್ದವು.

“ಇದೂ ಕಂಪ್ಲಿದೂ ಒಂದ ಐತಲ್ಲ? ಬ್ಯಾರೆ ಯಾವುದೋ ತಂದು ಸಂಡೂರಿಂದು ಅಂತ ತೋರಿಸಿದೇನು?” ಎಂದರು ಗೈಡ್, ಮರುಪರೀಕ್ಷೆಯ ಫಲಿತಾಂಶ ನೋಡಿ, ಎಲ್ಲರ ಮುಂದೆ.

ನೀನು ನನ್ನತ್ತ ತಿರುಗಿದೆ. “ಅಕ್ಕಾ, ಅವತ್ತು ಮೊದಲ್ನೇ ಸಲ ಸಂಡೂರಿನ ತಟ್ಟೆಯಿಂದ ಬೂಷ್ಟು ತೆಗಿಯೋವಾಗ ನೀವೂ ಇದ್ರಿ. ಹೇಳ್ರಿ.”

“ನಾ ಇರಲಿಲ್ಲ” ಎಂದೆ.

ನೀನು ಅಳಲಿಲ್ಲ. ಅದೂ ನನಗೆ ಅಸಮಾಧಾನವೇ ಆಗಿತ್ತು. ಮರುದಿನದಿಂದ ನೀನು ಬರಲಿಲ್ಲ. ಗೈಡ್ ನಿವೃತ್ತರಾದ ಮೇಲೆ, ಬಚ್ಚಿಟ್ಟಿದ್ದ ನಿನ್ನ ಬೂಷ್ಟಿನಿಂದಲೇ ಪ್ರಬಂಧ ಬರೆದು ನನ್ನ ಹೆಸರಲ್ಲಿ ಪ್ರಕಟಿಸಿದೆ. ಇವತ್ತಿನ ನನ್ನ ನೌಕರಿ ಅದರಿಂದ ಸಿಕ್ಕಿದ್ದು.

ಮೊನ್ನೆ ಮಗಳನ್ನು ಸೇರಿಸಲು ನಮ್ಮ ಕಾಲೇಜಿಗೆ ಬಂದೆಯಲ್ಲ—ಕೈ ಮುಗಿದು ಹೇಳಿದೆ, “ಅವತ್ತು ನಂದ ಏನೋ ತಪ್ಪಾಗಿರಬೇಕ್ರಿ. ನಿಮ್ಮನ್ನ ಸಾಕ್ಷಿಗೆ ಎಳದೆ. ಮನಸಿನ್ಯಾಗ ಇಟ್ಕಾಬ್ಯಾಡ್ರಿ.”

ಇಷ್ಟು ವರ್ಷ ನಿನ್ನನ್ನೇ ನೀನು ಅನುಮಾನಿಸಿದ್ದೆ. ನಾನು ನಿನ್ನ ಬೆನ್ನು ತಟ್ಟಿ, “ಹೋಗ್ಲಿ ಬಿಡು, ಆಗಿದ್ದು ಆತು” ಎಂದೆ. ಕ್ಷಮಿಸಿದೆ—ನಾನು, ನಿನ್ನನ್ನು! ನಿನ್ನ ಮಗಳು ತಲೆ ತಗ್ಗಿಸಿದಳು. ಆಗ ನನಗೆ ನಾಚಿಕೆಯಾಗಲಿಲ್ಲ, ನಾಗರತ್ನಾ; ಹಾಯೆನಿಸಿತು.

ಆ ಪ್ರಬಂಧ ಪ್ರಕಟಿಸಿದವರಿಗೂ ಕಾಲೇಜಿಗೂ ಅದು ನಿನ್ನದೆಂದು ತಿಳಿಸಿದ್ದೇನೆ. ಭಾನುವಾರ ಕಂಪ್ಲಿಗೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಬೀದಿಯಲ್ಲೇ ನಿಂತು ಹೇಳುತ್ತೇನೆ, ಒಳಗಿರುವ ನಿನ್ನ ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ.